ತಡವಾಗಿ ಬರುವ ಅನ್ನ: ಸೊಮಾಲಿಯಾದ ಬರ, ಮಗುವಿನ ತೋಳಿನ ಅಳತೆ

ನನ್ನ ಅಕ್ಕ ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳ ಜೊತೆ ಕೂತಿದ್ದೆ. ಬೆಂಗಳೂರಿಗೆ ಗುಳೆ ಹೋಗಿದ್ದ ಒಂದು ಕುಟುಂಬ ಹಬ್ಬಕ್ಕೆಂದು ಊರಿಗೆ ಬಂದಿತ್ತು. ತಾಯಿ ಒಂದೂವರೆ ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. "ಟೀಚರ್, ತಿನ್ನೋದೇನೋ ತಿಂತೈತೆ. ಮೈಗೇ ಹತ್ತಲ್ಲ" ಅಂದಳು.

ಅಕ್ಕ ಮೇಜಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಪಟ್ಟಿ ತೆಗೆದಳು. ಟೈಲರ್ ಟೇಪಿಗಿಂತ ತೆಳ್ಳಗಿನದು. ಹಸಿರು, ಹಳದಿ, ಕೆಂಪು ಮೂರು ಬಣ್ಣ ಅದರ ಮೇಲಿದೆ. ಮಗುವಿನ ಎಡತೋಳಿನಲ್ಲಿ ಭುಜಕ್ಕೂ ಮೊಣಕೈಗೂ ನಡುವಿನ ಜಾಗ ಹುಡುಕಿ ಪಟ್ಟಿ ಸುತ್ತಿದಳು. ಬಿಗಿಯಾಗಿ ಎಳೆಯಲಿಲ್ಲ, ಸಡಿಲವಾಗಿಯೂ ಬಿಡಲಿಲ್ಲ. ಪಟ್ಟಿಯ ಕಿಂಡಿಯಲ್ಲಿ ಹಳದಿ ಕಂಡಿತು. 12 ಸೆಂಟಿಮೀಟರಿಗೆ ಎರಡು ಗೆರೆ ಕಮ್ಮಿ. ಆಮೇಲೆ ಕೇಳಲು ಶುರು ಮಾಡಿದಳು. ಭೇದಿ ಆಗಿತ್ತಾ? ಎಷ್ಟು ದಿನ? ಅಲ್ಲಿ ನೀರು ಎಲ್ಲಿಂದ ತರ್ತಿದ್ರಿ? ದಡಾರದ ಚುಚ್ಚುಮದ್ದು ಹಾಕಿಸಿದ್ದು ಯಾವಾಗ? ಏನು ತಿನ್ನಿಸಿದೆ ಅನ್ನೋ ಪ್ರಶ್ನೆ ಬಂದಿದ್ದು ಇವೆಲ್ಲ ಆದ ಮೇಲೆ.

ಸೊಮಾಲಿಯಾದ ಬರದ ಬಗ್ಗೆ ಓದುವಾಗಲೆಲ್ಲ ನನಗೆ ಆ ಪ್ರಶ್ನೆಗಳ ಸಾಲು ನೆನಪಾಗುತ್ತದೆ. ಬರ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಲಾರಿ, ಲಾರಿಯಿಂದ ಇಳಿಯುವ ಮೂಟೆ, ಮೂಟೆಗೆ ಕೈಚಾಚಿದ ಜನ. ಹಸಿದವರಿಗೆ ಮೂಟೆ ಬೇಕೇ ಬೇಕು. ಆದರೆ ಬರಗಾಲದಲ್ಲಿ ಸಾಯುವ ಮಕ್ಕಳಲ್ಲಿ ಹೆಚ್ಚಿನವರನ್ನು ಕೊನೆಗೆ ಕೊಂಡೊಯ್ಯೋದು ಭೇದಿ, ನ್ಯುಮೋನಿಯಾ, ದಡಾರ. ಹಸಿವು ಬಾಗಿಲು ತೆಗೆದಿಡುತ್ತದೆ, ಕಾಯಿಲೆ ಒಳಗೆ ಬರುತ್ತದೆ. ಹಾಗಾಗಿ ಆ ದೇಶಕ್ಕೆ ಹೋಗುವ ನೆರವು ಎಷ್ಟು ಅನ್ನೋದಕ್ಕಿಂತ ಯಾವಾಗ ಹೋಯಿತು, ಜೊತೆಗೆ ಏನೇನು ಹೋಯಿತು ಅಂತ ನೋಡಬೇಕು.

ಸೊಮಾಲಿಯಾದ ಮಳೆ ಲೆಕ್ಕ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನಮಗೆ ಮುಂಗಾರು, ಹಿಂಗಾರು ಇದ್ದಂತೆ ಅಲ್ಲಿ ಎರಡು ಮಳೆಗಾಲ. ಏಪ್ರಿಲ್‌ನಿಂದ ಜೂನ್‌ವರೆಗಿನದು ಗು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ದೇಯ್ರ್. ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ಆಸೆ ಇಟ್ಟುಕೊಂಡು ಕೂರಬಹುದು. 2020ರ ಕೊನೆಯಿಂದ 2022ರ ಕೊನೆಯವರೆಗೆ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ನಲವತ್ತು ವರ್ಷದಲ್ಲಿ ಅಷ್ಟು ಉದ್ದದ ಬರ ಬಂದಿರಲಿಲ್ಲ. 78 ಲಕ್ಷ ಜನ, ಅಂದರೆ ದೇಶದ ಅರ್ಧದಷ್ಟು ಮಂದಿ, ಅದರ ಹೊಡೆತಕ್ಕೆ ಸಿಕ್ಕರು. ಅದೇ ಹೊತ್ತಿಗೆ ಉಕ್ರೇನ್ ಯುದ್ಧ ಶುರುವಾಯಿತು. ಸೊಮಾಲಿಯಾ ತರಿಸಿಕೊಳ್ಳುತ್ತಿದ್ದ ಗೋಧಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ರಷ್ಯಾ ಮತ್ತು ಉಕ್ರೇನ್‌ನದು. ಮಳೆ ಇಲ್ಲದ ಊರಿಗೆ ಸಂತೆಯಲ್ಲೂ ಹಿಟ್ಟು ತುಟ್ಟಿಯಾಯಿತು.

ಅಲ್ಲಿನ ಹಳ್ಳಿಗಾಡಿನ ಬಹಳ ಜನ ಒಂಟೆ, ಆಡು, ಕುರಿ ಕಟ್ಟಿಕೊಂಡು ಬದುಕುವವರು. ಕುರಿ ಹಿಂದೆ ಹೋಗುವ ನಮ್ಮ ಕಡೆಯವರಿಗೆ ಇದರ ಕಷ್ಟ ವಿವರಿಸಿ ಹೇಳಬೇಕಿಲ್ಲ. ಮೊದಲು ಹುಲ್ಲು ಹೋಗುತ್ತದೆ. ಆಮೇಲೆ ಜಾನುವಾರು ಬಡಕಲಾಗಿ ಕೆಚ್ಚಲು ಬತ್ತುತ್ತದೆ. ಮನೆಯ ಚಿಕ್ಕ ಮಗುವಿಗೆ ದಿನಾ ಸಿಗುತ್ತಿದ್ದ ಹಾಲು ಆವತ್ತೇ ನಿಂತಿತು. ದೊಡ್ಡವರ ತಟ್ಟೆಗೆ ಜೋಳದ ಗಂಜಿ ಬೀಳುತ್ತಲೇ ಇರುತ್ತದೆ, ಹೊರಗಿನಿಂದ ನೋಡಿದರೆ ಊಟ ಇದೆ ಅಂತಲೇ ಕಾಣುತ್ತದೆ. ಆದರೆ ಎರಡು ವರ್ಷದ ಮಗುವಿನ ಪಾಲಿಗೆ ಬರ ಬಂದಾಗಿದೆ. ಸಾಯುವ ಸ್ಥಿತಿಗೆ ಬಂದ ಆಡನ್ನು ಎಲ್ಲರೂ ಒಟ್ಟಿಗೇ ಮಾರಲು ಹೊರಟರೆ ಸಂತೆಯಲ್ಲಿ ರೇಟು ಬಿದ್ದುಹೋಗುತ್ತದೆ. ಕೊನೆಗೆ ಉಳಿಯೋದು ಗುಳೆ. ನೂರಾರು ಕಿಲೋಮೀಟರ್ ನಡೆದು ಬೈದೋವಾ, ಮೊಗದಿಶು ಊರುಗಳ ಅಂಚಿನಲ್ಲಿ ಕಡ್ಡಿ ಬಾಗಿಸಿ, ಬಟ್ಟೆ ಹೊದಿಸಿ ಗುಡಿಸಲು ಹಾಕಿಕೊಳ್ಳುತ್ತಾರೆ.

ಕಾಯಿಲೆ ಕಾದು ಕೂತಿರೋದು ಅಲ್ಲೇ. ಸಾವಿರಾರು ಜನ ಒತ್ತೊತ್ತಾಗಿ ಇರುತ್ತಾರೆ. ನೀರು ಸಾಲದು, ಶೌಚಾಲಯ ಇಲ್ಲ. ಒಂದು ಮಗುವಿಗೆ ದಡಾರ ಬಂದರೆ ಸಾಲು ಗುಡಿಸಲಿಗೆಲ್ಲ ಹಬ್ಬುತ್ತದೆ. ಚೆನ್ನಾಗಿ ಉಂಡ ಮಗು ದಡಾರದಿಂದ ಹತ್ತು ದಿನದಲ್ಲಿ ಚೇತರಿಸಿಕೊಳ್ಳಬಹುದು. ಸೊರಗಿದ ಮಗುವಿಗೆ ಅದರ ಹಿಂದೆಯೇ ಭೇದಿ ಬರುತ್ತದೆ, ಎದೆಗೆ ಕಫ ಕಟ್ಟುತ್ತದೆ, ಕಣ್ಣು ಹೋಗುವ ಅಪಾಯವೂ ಇದೆ. ಭೇದಿಯಾದಾಗ ಕರುಳಿನ ಒಳಪದರ ಹಾಳಾಗಿ ತಿಂದದ್ದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ತಿನ್ನದೆ ಸೊರಗುತ್ತದೆ, ಸೊರಗಿದ್ದಕ್ಕೆ ಮತ್ತೆ ಕಾಯಿಲೆ, ಕಾಯಿಲೆ ಬಂದದ್ದಕ್ಕೆ ಮತ್ತೆ ಊಟ ಸೇರದು. ಹಟ್ಟಿಯ ಆ ತಾಯಿ "ಮೈಗೇ ಹತ್ತಲ್ಲ" ಅಂದಳಲ್ಲ, ವೈದ್ಯರು ಪುಟಗಟ್ಟಲೆ ಬರೆಯುವುದೂ ಅದನ್ನೇ. ತೀವ್ರವಾಗಿ ಸೊರಗಿದ ಮಗು ಸಾಯುವ ಸಂಭವ ಆರೋಗ್ಯವಂತ ಮಗುವಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ.

ಇನ್ನು "ಕ್ಷಾಮ" ಅನ್ನುವ ಮಾತು. ನಾವು ಮಳೆ ಇಲ್ಲದಿದ್ದರೂ ಬರ ಅಂತೀವಿ, ಊಟ ಇಲ್ಲದಿದ್ದರೂ ಬರ ಅಂತೀವಿ. ನೆರವಿನ ಲೋಕದಲ್ಲಿ ಇವೆರಡು ಬೇರೆ ಬೇರೆ. ಕ್ಷಾಮ ಅಂತ ಘೋಷಿಸಲು ವಿಶ್ವಸಂಸ್ಥೆ ಮತ್ತು ದೊಡ್ಡ ನೆರವು ಸಂಸ್ಥೆಗಳು ಒಪ್ಪಿಕೊಂಡ ಮೂರು ಅಳತೆ ಇವೆ. ಐದರಲ್ಲಿ ಒಂದು ಮನೆಗೆ ಊಟವೇ ಇಲ್ಲ ಅನ್ನುವ ಸ್ಥಿತಿ ಬಂದಿರಬೇಕು. ನೂರರಲ್ಲಿ ಮೂವತ್ತು ಮಕ್ಕಳು ಸೊರಗಿರಬೇಕು. ಪ್ರತಿ 10,000 ಜನರಲ್ಲಿ ದಿನಕ್ಕೆ ಇಬ್ಬರು ಸಾಯುತ್ತಿರಬೇಕು. ಕೊನೆಯದು ಓದಲು ಚಿಕ್ಕ ಸಂಖ್ಯೆ. ಮೂರು ಲಕ್ಷ ಜನರಿರುವ ಒಂದು ತಾಲ್ಲೂಕಿಗೆ ಹಾಕಿ ನೋಡಿ. ಮಾಮೂಲಿ ದಿನಗಳಲ್ಲಿ ಅಲ್ಲಿ ದಿನಕ್ಕೆ ಆರೇಳು ಜನ ತೀರಿಕೊಳ್ಳಬಹುದು. ಕ್ಷಾಮ ಅನ್ನಬೇಕಾದರೆ ದಿನಕ್ಕೆ ಅರವತ್ತು ಹೆಣ ಏಳಬೇಕು. ಅಂದರೆ ಆ ಮಾತು ಬಾಯಿಗೆ ಬರುವ ಹೊತ್ತಿಗೆ ಸಾವಿರಾರು ಮಕ್ಕಳು ಹೋಗಿರುತ್ತಾರೆ. ಇದನ್ನು ಎಚ್ಚರಿಕೆಯ ಗಂಟೆ ಅಂದುಕೊಂಡವರು ಮೋಸ ಹೋಗುತ್ತಾರೆ.

2011ರಲ್ಲಿ ಆದದ್ದು ಇದೇ. ಮಳೆ ಕೈಕೊಡುತ್ತದೆ ಅನ್ನೋ ಎಚ್ಚರಿಕೆ 2010ರ ಆಗಸ್ಟ್‌ನಲ್ಲೇ ಬಂದಿತ್ತು. ಆಮೇಲೆ ತಿಂಗಳು ತಿಂಗಳೂ ಬಂತು. ದುಡ್ಡು ಬರಲಿಲ್ಲ. ವಿಶ್ವಸಂಸ್ಥೆ ದಕ್ಷಿಣ ಸೊಮಾಲಿಯಾದ ಎರಡು ಕಡೆ ಕ್ಷಾಮ ಘೋಷಿಸಿದ್ದು 2011ರ ಜುಲೈ 20ರಂದು. ಆಗ ದುಡ್ಡು ಹರಿದು ಬಂತು. ಎರಡು ವರ್ಷದ ನಂತರ ಸಾವಿನ ಲೆಕ್ಕ ಹಾಕಿದರು. 2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗೆ ಮಾಮೂಲಿಗಿಂತ ಹೆಚ್ಚುವರಿಯಾಗಿ ಸತ್ತವರು ಸುಮಾರು 2,58,000 ಜನ. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. 2011ರ ಮೇನಿಂದ ಆಗಸ್ಟ್‌ವರೆಗೆ ತಿಂಗಳಿಗೆ ಸುಮಾರು 30,000 ಸಾವು. ಮೇ, ಜೂನ್ ಪೂರ್ತಿ, ಜುಲೈನ ಮೂರನೇ ಎರಡು ಭಾಗ ಮುಗಿದ ಮೇಲೆ ಘೋಷಣೆ ಬಂದಿತ್ತು.

ತಡವಾಗಿದ್ದಕ್ಕೆ ಬರೀ ಆಲಸ್ಯ ಕಾರಣ ಅನ್ನೋದು ಸರಿಯಲ್ಲ. ದಕ್ಷಿಣದ ಬಹಳಷ್ಟು ಭಾಗ ಅಲ್ ಶಬಾಬ್ ಅನ್ನೋ ಉಗ್ರರ ಗುಂಪಿನ ಕೈಯಲ್ಲಿತ್ತು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ 2010ರ ಜನವರಿಯಲ್ಲೇ ಅಲ್ಲಿಂದ ಕೆಲಸ ನಿಲ್ಲಿಸಬೇಕಾಗಿತ್ತು. ಇನ್ನೊಂದು ಕಡೆ, ನೆರವಿನ ಸಾಮಾನು ಉಗ್ರರ ಕೈಗೆ ಸಿಕ್ಕರೆ ತಮ್ಮ ಮೇಲೆ ಕೇಸು ಬೀಳುತ್ತದೆ ಅನ್ನೋ ಭಯ ಸಂಸ್ಥೆಗಳಿಗಿತ್ತು. ಅಮೆರಿಕದ ಕಾನೂನು ಅಷ್ಟು ಬಿಗಿಯಾಗಿತ್ತು. ಇಬ್ಬರ ನಡುವೆ ಸಿಕ್ಕಿಬಿದ್ದದ್ದು ನಡೆದು ಸುಸ್ತಾದ ತಾಯಂದಿರು.

2017ರಲ್ಲಿ ಮತ್ತೆ ಬರ ಬಂತು. ಈ ಸಲ 2011 ಎಲ್ಲರಿಗೂ ನೆನಪಿತ್ತು. ವರ್ಷದ ಮೊದಲ ತಿಂಗಳುಗಳಲ್ಲೇ ದುಡ್ಡು ಬಂತು. ಘೋಷಣೆಗೆ ಕಾಯಲಿಲ್ಲ. ಕ್ಷಾಮ ತಪ್ಪಿತು. 2022ರ ಕೊನೆಗೆ ಬೈದೋವಾ ಮತ್ತು ಬುರ್ಹಕಾಬಾ ಜಿಲ್ಲೆಗಳಲ್ಲಿ ಕ್ಷಾಮ ಬಂದೇ ಬರುತ್ತದೆ ಅನ್ನೋ ಅಂದಾಜಿತ್ತು. ಅದೂ ತಪ್ಪಿತು. ಆದರೆ ತಪ್ಪಿತು ಅನ್ನೋ ಮಾತಿಗೆ ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ ಮಾಡಿಸಿದ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ಬರದಿಂದ ಹೆಚ್ಚುವರಿಯಾಗಿ ಸತ್ತವರು ಸುಮಾರು 43,000. ಅದರಲ್ಲೂ ಅರ್ಧ ಚಿಕ್ಕ ಮಕ್ಕಳೇ. ಆ ವರ್ಷ ಕ್ಷಾಮ ಅಂತ ಯಾರೂ ಅಧಿಕೃತವಾಗಿ ಘೋಷಿಸಲೇ ಇಲ್ಲ.

ಹಾಗಾದರೆ ಹೊತ್ತಿಗೆ ಸರಿಯಾಗಿ ಹೋದ ನೆರವು ಒಂದು ಮಗುವಿನ ಹತ್ತಿರ ಹೋಗಿ ಮಾಡುವುದಾದರೂ ಏನು? ಶುರುವಾಗೋದು ಅಕ್ಕನ ಖಾನೆಯಲ್ಲಿರುವ ಅದೇ ಪಟ್ಟಿಯಿಂದ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ತೋಳು ಅಷ್ಟಾಗಿ ದಪ್ಪ ಆಗೋದಿಲ್ಲ, ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಸಾಕು. 12.5 ಸೆಂಟಿಮೀಟರ್ ಅಥವಾ ಜಾಸ್ತಿ ಇದ್ದರೆ ಹಸಿರು. 11.5ರಿಂದ 12.5ರವರೆಗೆ ಹಳದಿ. 11.5ಕ್ಕಿಂತ ಕಮ್ಮಿ ಬಂದರೆ ಕೆಂಪು. ತೂಕದ ಯಂತ್ರ ಬೇಡ, ವಯಸ್ಸಿನ ದಾಖಲೆ ಬೇಡ, ಓದು ಬರಹ ಬೇಡ. ಕಾಲಿನ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಡುತ್ತಾರೆ. ಗುಳಿ ಬಿದ್ದು ಹಾಗೇ ಉಳಿದರೆ ಅದು ಬಾವು. ತೋಳು ದಪ್ಪ ಕಂಡರೂ ಆ ಮಗು ತೀವ್ರವಾಗಿ ಸೊರಗಿದೆ ಅಂತಲೇ ಅರ್ಥ.

ಕೆಂಪು ಬಂದ ಮಗುವಿಗೆ ಹಿಂದೆಲ್ಲ ಆಸ್ಪತ್ರೆಯೇ ಗತಿ. ಪುಡಿಯಿಂದ ಮಾಡಿದ ವಿಶೇಷ ಹಾಲು ಕುಡಿಸಬೇಕಿತ್ತು. ಅದಕ್ಕೆ ಶುದ್ಧ ನೀರು ಬೇಕು, ಕಲಸಿದ ಮೇಲೆ ಹೊತ್ತು ಇಟ್ಟರೆ ಕೆಡುತ್ತದೆ. ತಾಯಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಕೂರಬೇಕು. ಮನೆಯಲ್ಲಿ ಇನ್ನೂ ಮೂರು ಮಕ್ಕಳಿದ್ದರೆ? ಬಹಳ ತಾಯಂದಿರು ಬರುತ್ತಲೇ ಇರಲಿಲ್ಲ. ಬಂದರೂ ಅರ್ಧಕ್ಕೆ ಹೊರಡುತ್ತಿದ್ದರು.

ಇದನ್ನು ಬದಲಾಯಿಸಿದ್ದು ಶೇಂಗಾ. ಚಳ್ಳಕೆರೆಯವನಾಗಿ ಈ ಭಾಗ ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆ ಅನ್ನಿಸುತ್ತದೆ. ನಮ್ಮ ಊರನ್ನು ಎಣ್ಣೆ ನಗರಿ ಅಂತ ಕರೆಸಿದ್ದು ಇದೇ ಕಾಳು. ಮಳೆ ಅಷ್ಟಕ್ಕಷ್ಟೇ ಇರುವ ಕೆಂಪು ನೆಲದಲ್ಲಿ ಬೇರೆ ಏನು ಬಾರದಿದ್ದರೂ ಇದು ಬಂದೀತು ಅಂತ ನಂಬಿ ಬಿತ್ತುವ ಬೆಳೆ. 1996ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂಡ್, ನ್ಯೂಟ್ರಿಸೆಟ್ ಕಂಪನಿಯ ಜೊತೆ ಸೇರಿ ಒಂದು ಪೊಟ್ಟಣ ರೂಪಿಸಿದರು. ಹುರಿದು ನುಣ್ಣಗೆ ಅರೆದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜಗಳು. ಪ್ಲಂಪಿ ನಟ್ ಅಂತ ಹೆಸರು. ಒಂದು ಪೊಟ್ಟಣ 92 ಗ್ರಾಂ, 500 ಕ್ಯಾಲೊರಿ. ತುದಿ ಹರಿದರೆ ಮಗು ನೇರವಾಗಿ ಚೀಪುತ್ತದೆ.

ಇದರ ಗುಟ್ಟು ಇರೋದು ಇಲ್ಲದ ನೀರಿನಲ್ಲಿ. ಪೇಸ್ಟಿನಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎಣ್ಣೆಯೊಳಗೆ ಎಲ್ಲ ಅಡಗಿರುವುದರಿಂದ ರೋಗಾಣು ಬೆಳೆಯಲು ಜಾಗ ಸಿಗದು. ಬಿಸಿಲಿನ ದೇಶದಲ್ಲೂ ಎರಡು ವರ್ಷದವರೆಗೆ ಇಡಬಹುದು. ಬೇಯಿಸುವ ಕೆಲಸವಿಲ್ಲ, ಕಲಸಲು ನೀರು ಬೇಡ. ಕೊಳಕು ನೀರೇ ದೊಡ್ಡ ಶತ್ರುವಾಗಿರುವ ಗುಡಿಸಲಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಒಂದು ಎಚ್ಚರಿಕೆ ಮಾತ್ರ ಬೇಕು. ಒದ್ದೆ ಕಾಯಿಯನ್ನು ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ, ಅದರಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಸೊರಗಿದ ಮಗುವಿನ ಲಿವರ್ ಅದನ್ನು ತಡೆಯಲಾರದು. ಅದಕ್ಕೇ ಕಾರ್ಖಾನೆಗೆ ಬರುವ ಕಾಳನ್ನು ಪರೀಕ್ಷೆ ಮಾಡದೆ ಒಳಗೆ ಬಿಡುವುದಿಲ್ಲ.

2000ದ ನಂತರ ಇಥಿಯೋಪಿಯಾದಲ್ಲಿ ಮನೆಯಲ್ಲೇ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು ಒಪ್ಪಿದವು. ಈಗಿನ ಕ್ರಮ ಹೀಗಿದೆ. ಕೆಂಪು ಬಂದ ಮಗುವಿಗೆ ಕೇಂದ್ರದಲ್ಲೇ ಒಂದು ಪೊಟ್ಟಣ ಕೊಟ್ಟು ನೋಡುತ್ತಾರೆ. ಆಸೆಯಿಂದ ಚೀಪಿದರೆ, ಜ್ವರ, ಉಸಿರಾಟದ ತೊಂದರೆ ಇಲ್ಲದಿದ್ದರೆ ವಾರದ ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತಾರೆ. ಬಾಯಿಗೇ ಸೇರದಿದ್ದರೆ ಅದು ಅಪಾಯದ ಗುರುತು, ಆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕು. ಹೆಚ್ಚಿನ ಮಕ್ಕಳು ಮನೆಯಲ್ಲೇ ಆರರಿಂದ ಎಂಟು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ಮಗುವಿಗೆ ಸುಮಾರು ಒಂದು ಪೆಟ್ಟಿಗೆ, ಅಂದರೆ 150 ಪೊಟ್ಟಣ ಬೇಕು. ಪೆಟ್ಟಿಗೆಯ ಬೆಲೆ 40ರಿಂದ 50 ಡಾಲರ್. ನಮ್ಮ ದುಡ್ಡಿನಲ್ಲಿ ನಾಲ್ಕು ಸಾವಿರದ ಆಸುಪಾಸು.

ಪೊಟ್ಟಣ ಇಷ್ಟು ಚೆನ್ನಾಗಿ ಕೆಲಸ ಮಾಡುವುದರಿಂದಲೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಇದನ್ನೇ ಹಡಗಿನಲ್ಲಿ ತುಂಬಿ ಕಳಿಸಿದರೆ ಆಯಿತು ಅಂತ ಅನ್ನಿಸಿಬಿಡುತ್ತದೆ. ಭೇದಿಯಾಗುತ್ತಿರುವ ಮಗುವಿಗೆ ಪೊಟ್ಟಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೇ ಅಳತೆ ಪಟ್ಟಿ ಹಿಡಿದು ಹೋಗುವವರ ಕೈಚೀಲದಲ್ಲಿ ಇನ್ನೂ ಕೆಲವು ಇರಬೇಕು. ದಡಾರದ ಲಸಿಕೆ, ವಿಟಮಿನ್ ಎ, ರೋಗಾಣು ಕೊಲ್ಲುವ ಔಷಧ. ಮಾಮೂಲಿಯಾಗಿ ನಮ್ಮಲ್ಲಿ ಒಂಬತ್ತು ತಿಂಗಳಿಗೆ ಹಾಕುವ ದಡಾರದ ಚುಚ್ಚುಮದ್ದನ್ನು ಇಂಥ ಶಿಬಿರಗಳಲ್ಲಿ ಆರನೇ ತಿಂಗಳಿಗೇ ಹಾಕುತ್ತಾರೆ, ಹದಿನೈದು ವರ್ಷದವರೆಗಿನ ಮಕ್ಕಳನ್ನೂ ಬಿಡುವುದಿಲ್ಲ. ನೀರು ತಲೆಗೆ ದಿನಕ್ಕೆ 15 ಲೀಟರ್ ಸಿಗಬೇಕು ಅನ್ನೋದು ಒಪ್ಪಿಕೊಂಡ ಕನಿಷ್ಠ. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ ಅಷ್ಟು. ಒಂದು ಕೊಡ ನೀರಿನಲ್ಲಿ ಇಡೀ ಮನೆ ದಿನ ಕಳೆಯುವ ಬೇಸಿಗೆ ನಮ್ಮ ಮೊಳಕಾಲ್ಮೂರು ಕಡೆಯ ಹೆಂಗಸರಿಗೆ ಗೊತ್ತು. ಕೈ ತೊಳೆದುಕೊಳ್ಳಿ ಅಂತ ಅವರಿಗೆ ಬುದ್ಧಿ ಹೇಳುವ ಮೊದಲು ನೀರು ಕೊಡಬೇಕು.

ಭೇದಿಗೆ ಕೊಡುವ ಓಆರ್‌ಎಸ್ ಕಥೆಯನ್ನೂ ಇಲ್ಲಿ ಹೇಳಲೇಬೇಕು. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರ ಶಿಬಿರ ಬಂಗಾಳದ ಬನಗಾಂವ್‌ನಲ್ಲಿತ್ತು. ಕಾಲರಾ ಹಬ್ಬಿತ್ತು, ಸಲೈನ್ ಬಾಟಲಿ ಮುಗಿದಿದ್ದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ನಾಲ್ಕರ ಒಳಗೆ ಇಳಿಯಿತು. ಡಾಕ್ಟರ್ ಕೈಯಲ್ಲಿದ್ದ ಚಿಕಿತ್ಸೆ ತಾಯಿಯ ಕೈಗೆ ಬಂದಾಗ ಮಕ್ಕಳು ಉಳಿಯುತ್ತಾರೆ ಅಂತ ಅಲ್ಲೇ ಗೊತ್ತಾಗಿತ್ತು. ಶೇಂಗಾ ಪೊಟ್ಟಣವೂ ಅದೇ ದಾರಿ ಹಿಡಿಯಿತು. ನೈಜರ್ ದೇಶದಲ್ಲಿ ಅಳತೆ ಪಟ್ಟಿಯನ್ನೂ ತಾಯಂದಿರಿಗೇ ಕೊಟ್ಟು ನೋಡಿದರು. ತರಬೇತಿ ಪಡೆದ ಕಾರ್ಯಕರ್ತೆಯರಷ್ಟೇ ಚೆನ್ನಾಗಿ ಅಳೆದರು. ಮಗು ಪೂರ್ತಿ ಬಿದ್ದುಹೋಗುವ ಮೊದಲೇ ಕರೆತಂದರು.

ದುಡ್ಡನ್ನು ನೇರವಾಗಿ ಕೊಡುವುದೂ ಈಗ ದೊಡ್ಡ ನೆರವು. ಸೊಮಾಲಿಯಾದಲ್ಲಿ ಬ್ಯಾಂಕಿಗಿಂತ ಮೊಬೈಲ್ ಹಣ ಜಾಸ್ತಿ ಓಡುತ್ತದೆ. ಸಂತೆಯಲ್ಲಿ ಸಾಮಾನು ಇದ್ದು ಕೊಳ್ಳಲು ಕಾಸಿಲ್ಲದ ಕಡೆ, ತಾಯಿಯ ಫೋನಿಗೆ ದುಡ್ಡು ಬಂದರೆ ಹಾಲೋ ಔಷಧವೋ ಆಟೋ ಬಾಡಿಗೆಯೋ ಏನು ಬೇಕು ಅಂತ ಅವಳೇ ನಿರ್ಧರಿಸುತ್ತಾಳೆ. ಇದು ಆಡು ಮಾರುವ ಮೊದಲೇ ಬಂದರೆ ಇನ್ನೂ ಒಳ್ಳೆಯದು. ಆಡು ಉಳಿದರೆ ಹಾಲು ಉಳಿಯುತ್ತದೆ. ನಮ್ಮ ಕಡೆ ಬರ ಬಂದಾಗ ಗೋಶಾಲೆ ತೆಗೆಯುತ್ತಾರೆ, ಮೇವು ಬ್ಯಾಂಕ್ ಮಾಡುತ್ತಾರೆ. ಮ್ಯಾಸಬೇಡರ ದೇವರ ಎತ್ತುಗಳಿಗೆ ಮೇವಿಗಾಗಿ ಊರೂರು ಓಡಾಡುವವರನ್ನು ನೋಡಿದ್ದೇನೆ. ದನಕ್ಕೆ ಮೇವು ಕೊಡುವುದನ್ನು ಮಕ್ಕಳ ಪೌಷ್ಟಿಕತೆಯ ಲೆಕ್ಕಕ್ಕೆ ಯಾರೂ ಬರೆಯುವುದಿಲ್ಲ. ಬರೆಯಬೇಕು ಅಂತ ನನಗನ್ನಿಸುತ್ತದೆ.

ಈಗಿನ ಸಂಕಟಕ್ಕೆ ಬರೋಣ. ಲೋಕದಲ್ಲಿ ಹಂಚುವ ಈ ಪೊಟ್ಟಣಗಳಲ್ಲಿ ಅರ್ಧದಷ್ಟಕ್ಕೆ ದುಡ್ಡು ಬರುತ್ತಿದ್ದುದು ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್ಏಡ್‌ನಿಂದ. 2025ರ ಜನವರಿಯಲ್ಲಿ ಅಲ್ಲಿನ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ರಂದು ಆ ಸಂಸ್ಥೆಯೇ ಮುಚ್ಚಿತು. ಬೇರೆ ಶ್ರೀಮಂತ ದೇಶಗಳೂ ಕೈ ಬಿಗಿ ಮಾಡಿದವು. ಸೊಮಾಲಿಯಾದಲ್ಲಿ ನೂರಕ್ಕೂ ಹೆಚ್ಚು ಆರೋಗ್ಯ ಮತ್ತು ಪೌಷ್ಟಿಕ ಕೇಂದ್ರಗಳಿಗೆ ಬೀಗ ಬಿತ್ತು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಸುದ್ದಿ. 1984ರ ಇಥಿಯೋಪಿಯಾ ಕ್ಷಾಮದ ನಂತರ ಅಮೆರಿಕ ಹುಟ್ಟುಹಾಕಿದ ಮುನ್ನೆಚ್ಚರಿಕೆ ಜಾಲ ಫ್ಯೂಸ್ ನೆಟ್ ಕೂಡ ಅದೇ ಜನವರಿಯಲ್ಲಿ ನಿಂತುಹೋಯಿತು. ಕೆಲವು ತಿಂಗಳ ನಂತರ ಮತ್ತೆ ಶುರುವಾದರೂ ಮಳೆ, ಬೆಲೆ, ಬೆಳೆ, ಮಕ್ಕಳ ತೋಳಿನ ಲೆಕ್ಕಗಳ ನಡುವೆ ಒಂದು ಕತ್ತಲೆಯ ತುಂಡು ಉಳಿಯಿತು. 2010ರ ಆಗಸ್ಟ್‌ನಲ್ಲಿ ಎಚ್ಚರಿಸಿದ್ದು ಇದೇ ಜಾಲ. ಆ ವರ್ಷ ಮಾತು ಕೇಳುವವರಿರಲಿಲ್ಲ, ಈಗ ಹೇಳುವವರ ಬಾಯಿಯನ್ನೇ ಕೆಲಕಾಲ ಕಟ್ಟಿದಂತಾಯಿತು. 2025ರ ಕೊನೆಗೆ ದೇಯ್ರ್ ಮಳೆ ಮತ್ತೆ ಕೈಕೊಟ್ಟಿತು. ನವೆಂಬರ್‌ನಲ್ಲಿ ಸೊಮಾಲಿಯಾ ಸರ್ಕಾರ ಬರದ ತುರ್ತುಸ್ಥಿತಿ ಘೋಷಿಸಿತು.

ದೂರದ ದೇಶದ ಕಥೆ ಅನ್ನಿಸಬಹುದು. ನಮ್ಮ ನೆಲ ಇದನ್ನು ಕಂಡಿದೆ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರದ ಕ್ಷಾಮ ಚಿತ್ರದುರ್ಗವೂ ಸೇರಿದಂತೆ ಇಡೀ ಮೈಸೂರು ಸಂಸ್ಥಾನವನ್ನು ನುಂಗಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷದ ಮೇಲಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆಗ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತ್ಯದಲ್ಲಿ ಖರ್ಚು ಉಳಿಸಲು ಒಂದು ನಿಯಮ ತಂದರು. ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯ, ಜೊತೆಗೆ ಒಂದು ಆಣೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ಸಾಲುವುದಿಲ್ಲ, ಜನ ಸಾಯುತ್ತಾರೆ ಅಂತ ವಾದ ಮಾಡಿದರು. ಕೆಲವು ತಿಂಗಳ ನಂತರ ಪ್ರಮಾಣ ಏರಿಸಿದರು. ಅಷ್ಟರಲ್ಲಿ ಎಷ್ಟೋ ಜನ ಕಾಲರಾ, ಭೇದಿಗೆ ಬಲಿಯಾಗಿದ್ದರು. ಒಂದೂವರೆ ಶತಮಾನದ ಹಿಂದಿನ ಆ ಜಗಳವೂ ಇವತ್ತಿನದೇ: ಎಷ್ಟು ಕಮ್ಮಿ ಕೊಟ್ಟರೆ ಸಾಕು ಅಂತ ದೂರದಲ್ಲಿ ಕೂತವರು ಲೆಕ್ಕ ಹಾಕುವುದು, ಹತ್ತಿರದಲ್ಲಿ ಮೈ ಮುಟ್ಟಿ ನೋಡಿದವರು ಸಾಲದು ಅಂತ ಕೂಗುವುದು.

ಈಗ ನಮ್ಮಲ್ಲಿ ಬರ ಬಂದರೂ ಹಾಗೆ ಸಾಯುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ರೇಷನ್ ಅಕ್ಕಿ ಬರುತ್ತಿತ್ತು, ಅಂಗನವಾಡಿಯಲ್ಲಿ ಹಾಲು, ಮೊಟ್ಟೆ ಸಿಗುತ್ತಿತ್ತು, ದಡಾರದ ಲಸಿಕೆ ಹಾಕುತ್ತಿದ್ದರು, ಬಸುರಿ ಬಾಣಂತಿಯರಿಗೆ ಬಿಸಿಯೂಟ ನಡೆಯುತ್ತಿತ್ತು. ಯಾವುದೂ ಬರಕ್ಕೆಂದು ಶುರುವಾದದ್ದಲ್ಲ. ಮಳೆ ಬಂದ ವರ್ಷವೂ ನಡೆಯುವ ವ್ಯವಸ್ಥೆ ಅದು, 1975ರಿಂದ ಕಟ್ಟಿಕೊಂಡು ಬಂದದ್ದು. ಬರಕ್ಕೆಂದೇ ಬರಬೇಕಾದ ದುಡ್ಡು ನಮಗೂ ತಡವಾಗಿಯೇ ಬಂತು. ಸೆಪ್ಟೆಂಬರ್‌ನಲ್ಲಿ ಬರ ಘೋಷಣೆ ಮಾಡಿದ ರಾಜ್ಯ 18,171 ಕೋಟಿ ಕೇಳಿತ್ತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಿಡುಗಡೆಯಾದದ್ದು 3,454 ಕೋಟಿ. ಆ ಏಳು ತಿಂಗಳು ಹಟ್ಟಿಯ ಮಕ್ಕಳನ್ನು ಕಾದದ್ದು ಅಕ್ಕನಂಥವರು.

ಹಾಗಂತ ನಮ್ಮ ಮಕ್ಕಳು ಚೆನ್ನಾಗಿದ್ದಾರೆ ಅಂತ ಹೇಳಲು ನನಗೆ ಮನಸ್ಸಾಗದು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕ ಇಲ್ಲದವರು ನೂರಕ್ಕೆ 19.5. ತೀವ್ರವಾಗಿ ಸೊರಗಿದವರು 8.4. ಈ ಪ್ರಮಾಣ 15 ದಾಟಿದರೆ ಅತಿ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಅಂದರೆ ಸೊರಗಿದ ಮಕ್ಕಳ ಲೆಕ್ಕದಲ್ಲಿ ನಾವು ಬರಪೀಡಿತ ದೇಶಗಳ ಸಾಲಿನಲ್ಲೇ ಇದ್ದೇವೆ. ಲಸಿಕೆ, ರೇಷನ್, ಹತ್ತಿರದ ಆಸ್ಪತ್ರೆ ಇರುವುದರಿಂದ ಅಷ್ಟು ಸಾವು ಆಗುತ್ತಿಲ್ಲ.

ಶೇಂಗಾ ಪೊಟ್ಟಣ ನಮ್ಮಲ್ಲಿ ಬೇಕೋ ಬೇಡವೋ ಅನ್ನೋ ವಾದವೂ ಹಳೆಯದು. ಬಿಹಾರ, ಮಧ್ಯಪ್ರದೇಶದಲ್ಲಿ ಯುನಿಸೆಫ್ ಹಂಚುತ್ತಿದ್ದುದನ್ನು 2009ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು. ಕಂಪನಿ ಪೊಟ್ಟಣ ಬಂದರೆ ಮನೆ ಊಟ ಮೂಲೆಗೆ ಹೋಗುತ್ತದೆ ಅನ್ನೋ ಆತಂಕ ಹಲವರದು. ಆ ಆತಂಕದಲ್ಲಿ ಹುರುಳಿದೆ. ಹಳದಿಯಲ್ಲಿರುವ ಮಗುವಿಗೆ ಮೊಟ್ಟೆ, ಬೇಳೆ, ಶೇಂಗಾ ಉಂಡೆ, ಹಾಲು ಸಾಕು, ನಮ್ಮ ಅಂಗನವಾಡಿ ಅದನ್ನು ಕೊಡಬಲ್ಲದು. ಆದರೆ ಕೆಂಪಿಗೆ ಇಳಿದ ಮಗುವಿನ ತಾಯಿಗೆ ಕೂಲಿ ಬಿಟ್ಟು ಎರಡು ವಾರ ಜಿಲ್ಲಾ ಆಸ್ಪತ್ರೆಯಲ್ಲಿ ಇರು ಅನ್ನುವುದು ಎಷ್ಟು ಕಷ್ಟ ಅಂತ ಅಕ್ಕನನ್ನು ಕೇಳಿದರೆ ಗೊತ್ತಾಗುತ್ತದೆ. ಅಂಥ ಕೆಲವು ಮಕ್ಕಳಿಗಾದರೂ ಮನೆಗೇ ಕೊಂಡೊಯ್ಯುವ ಔಷಧದ ಊಟ ಇರಬೇಕು. ಹೊರಗಿನಿಂದಲೇ ತರಿಸಬೇಕು ಅಂತೇನಿಲ್ಲ. ಕಾಳೂ ನಮ್ಮಲ್ಲಿದೆ, ಗಿರಣಿಯೂ ನಮ್ಮಲ್ಲಿದೆ.

ಆ ಹಳದಿ ಮಗು ಹಬ್ಬ ಮುಗಿದ ಮೇಲೂ ಐದು ವಾರ ಊರಲ್ಲಿತ್ತು. ಅಕ್ಕ ಹಠ ಹಿಡಿದು ತಾಯಿಯನ್ನು ನಿಲ್ಲಿಸಿಕೊಂಡಿದ್ದಳು. ಭೇದಿಗೆ ಜಿಂಕ್ ಮಾತ್ರೆ, ಓಆರ್‌ಎಸ್, ಬಿಟ್ಟುಹೋಗಿದ್ದ ದಡಾರದ ಎರಡನೇ ಚುಚ್ಚುಮದ್ದು, ದಿನಾ ಒಂದು ಮೊಟ್ಟೆ. ಕೊನೆಗೆ ಅಳೆದಾಗ 12 ದಾಟಿ ಮೂರು ಗೆರೆ. ಇನ್ನೂ ಹಳದಿಯೇ, ಆದರೆ ಹಸಿರಿನ ಕಡೆಗೆ. ಮಾರನೇ ದಿನ ಅವರು ಮತ್ತೆ ಬೆಂಗಳೂರು ಬಸ್ಸು ಹತ್ತುವವರಿದ್ದರು. ಅಕ್ಕ ಖಾನೆಯಿಂದ ಪಟ್ಟಿ ತೆಗೆದು ತಾಯಿಯ ಕೈಗೆ ಕೊಟ್ಟಳು. ತೋಳಿನ ನಡು ಎಲ್ಲಿ, ಎಷ್ಟು ಬಿಗಿ, ಯಾವ ಕಿಂಡಿಯಲ್ಲಿ ನೋಡಬೇಕು ಅಂತ ಮೂರು ಸಲ ಮಾಡಿಸಿದಳು. "ಪ್ರತಿ ಭಾನುವಾರ ನೋಡವ್ವ. ಕೆಂಪು ಕಂಡ್ರೆ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗು, ನಂಗೂ ಫೋನ್ ಮಾಡು" ಅಂದಳು. ತಾಯಿ ಪಟ್ಟಿಯನ್ನು ಮಡಚಿ, ತಾಯಿ ಕಾರ್ಡಿನ ಒಳಗಿಟ್ಟು, ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡಳು.